ಕೀಲಿಯೇ ವಿಳಾಸವಾಗುವ ಜಾಲ: ಯಗ್‌ಡ್ರಾಸಿಲ್ ಮೂಲಕ ಗುರುತು ಆಧಾರಿತ ಸಂಪರ್ಕ ಕಟ್ಟಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಇಂದಿನ ಇಂಟರ್ನೆಟ್‌ನಲ್ಲಿ ಒಂದು ಐಪಿ ವಿಳಾಸದ ಮೇಲೆ ಎರಡು ಕೆಲಸಗಳ ಹೊರೆಯಿದೆ. ಯಂತ್ರವು ಜಾಲದಲ್ಲಿ ಎಲ್ಲಿದೆ ಎಂಬುದನ್ನು ಅದೇ ಹೇಳಬೇಕು, ಆ ಯಂತ್ರ ಯಾವುದು ಎಂಬುದನ್ನೂ ಅದೇ ಹೇಳಬೇಕು. ಲ್ಯಾಪ್‌ಟಾಪ್ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬದಲಾದ ಕೂಡಲೇ ಸ್ಥಳದೊಂದಿಗೆ ವಿಳಾಸವೂ ಬದಲಾಗುತ್ತದೆ, ವಿಳಾಸದೊಂದಿಗೆ ಗುರುತೂ ಹೋಗುತ್ತದೆ. ದತ್ತಾಂಶವನ್ನು ಕ್ರಮವಾಗಿ ತಲುಪಿಸುವ ಟಿಸಿಪಿ ಸಂಪರ್ಕವು ಎರಡೂ ತುದಿಗಳ ವಿಳಾಸ ಮತ್ತು (ಯಂತ್ರದ ಯಾವ ಸೇವೆ ಎಂದು ಹೇಳುವ) ಪೋರ್ಟ್ ಸಂಖ್ಯೆಗಳಿಗೇ ಅಂಟಿಕೊಂಡಿರುವುದರಿಂದ, ಅರ್ಧಕ್ಕೆ ಬಂದಿದ್ದ ಕಡತದ ವರ್ಗಾವಣೆ ಅಲ್ಲಿಗೇ ತುಂಡಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಮನೆಗಳಲ್ಲಿದೆ. ನಮ್ಮ ಪ್ರದೇಶಕ್ಕೆ ಐಪಿವಿ4 (ಹಳೆಯ, ಸಂಖ್ಯೆಯಲ್ಲಿ ಸೀಮಿತವಾದ ಬಗೆಯ) ವಿಳಾಸಗಳನ್ನು ಹಂಚುವ ಏಪ್ನಿಕ್ ಸಂಸ್ಥೆಯು 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ದೊಡ್ಡ ಕಟ್ಟನ್ನು ತೆರೆದು, ಅಂದಿನಿಂದ ವಿಳಾಸಗಳನ್ನು ಅಳೆದು ಕೊಡತೊಡಗಿತು. ಹೀಗಾಗಿ ಇಂಟರ್ನೆಟ್ ಸೇವೆ ನೀಡುವವರು ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುವ ಸಿಜಿನ್ಯಾಟ್ ಪದ್ಧತಿಗೆ ಹೋದರು. ಈ ಪದ್ಧತಿಯಲ್ಲಿ ಮನೆಯಿಂದ ಹೊರಗಿನ ಲೋಕಕ್ಕೆ ದಾರಿಯಿದೆ, ಹೊರಗಿನಿಂದ ಮನೆಗೆ ದಾರಿಯಿಲ್ಲ. ಶಿರಸಿಯ ಮನೆಯ ಕಂಪ್ಯೂಟರ್‌ನಲ್ಲಿರುವ ಕಡತವೊಂದು ಪುಣೆಯಲ್ಲಿ ಓದುತ್ತಿರುವ ಮಗಳಿಗೆ ಬೇಕೆಂದರೆ, ಮೂರನೆಯವರ ಕ್ಲೌಡ್ ಖಾತೆಯ ಮೊರೆ ಹೋಗಬೇಕಾಗುತ್ತದೆ.

ಸ್ಥಳವನ್ನೂ ಗುರುತನ್ನೂ ಬೇರ್ಪಡಿಸಬೇಕೆಂಬ ಯೋಚನೆ ಹಳೆಯದು. ರಾಬರ್ಟ್ ಮಾಸ್ಕೊವಿಟ್ಜ್ 1999ರ ಹೊತ್ತಿಗೇ ಹೋಸ್ಟ್ ಐಡೆಂಟಿಟಿ ಪ್ರೋಟೊಕಾಲ್ ಎಂಬ ವ್ಯವಸ್ಥೆಯನ್ನು ಮುಂದಿಟ್ಟಿದ್ದರು. ಪ್ರತಿ ಯಂತ್ರಕ್ಕೂ ಒಂದು ಜೋಡಿ ಗೂಢಲಿಪಿ ಕೀಲಿಗಳಿರಲಿ (ಎಲ್ಲರಿಗೂ ಕೊಡಬಹುದಾದ ಸಾರ್ವಜನಿಕ ಕೀಲಿ, ಗುಟ್ಟಾಗಿಡುವ ಖಾಸಗಿ ಕೀಲಿ), ಸಾರ್ವಜನಿಕ ಕೀಲಿಯೇ ಯಂತ್ರದ ಗುರುತಾಗಲಿ, ಐಪಿ ವಿಳಾಸ ಕೇವಲ ಸ್ಥಳವನ್ನು ತೋರಿಸಲಿ ಎಂಬುದು ಅದರ ತಿರುಳು. ಅದರ ವಿನ್ಯಾಸ 2006ರಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ ತಂತ್ರಜ್ಞಾನದ ದಾಖಲೆ) 4423 ಆಗಿ, ಎರಡನೇ ಆವೃತ್ತಿ 2015ರಲ್ಲಿ ಆರ್‌ಎಫ್‌ಸಿ 7401 ಆಗಿ ಪ್ರಕಟವಾದವು. ಆದರೆ ಅದನ್ನು ಬಳಕೆಗೆ ತರಲು ಆಪರೇಟಿಂಗ್ ಸಿಸ್ಟಂಗಳ ಒಳಗೇ ಬದಲಾವಣೆ ಬೇಕಿದ್ದರಿಂದ ಅದು ಸಾಮಾನ್ಯ ಬಳಕೆದಾರರವರೆಗೆ ಬರಲಿಲ್ಲ. ಅದೇ ತಿರುಳನ್ನು ಹೊತ್ತು ಬಂದದ್ದು ಓವರ್‌ಲೇ ಜಾಲಗಳು. ಇರುವ ಇಂಟರ್ನೆಟ್ಟನ್ನು ಹಾಗೆಯೇ ಬಿಟ್ಟು, ಅದರ ಮೇಲೆ ಇನ್ನೊಂದು ಪದರವನ್ನು ಹಾಸಿ, ಆ ಪದರದ ವಿಳಾಸಗಳನ್ನು ಕೀಲಿಗಳಿಂದಲೇ ರೂಪಿಸುವುದು ಇವುಗಳ ದಾರಿ. ಬಳಕೆದಾರರ ಗುರುತನ್ನು ಮರೆಸುವ ಟಾರ್ ಜಾಲದ ಆನಿಯನ್ ಸೇವೆಗಳ 56 ಅಕ್ಷರಗಳ ವಿಳಾಸದಲ್ಲಿ ಇಡೀ ಸಾರ್ವಜನಿಕ ಕೀಲಿಯೇ ಅಡಗಿದೆ. ವೈರ್‌ಗಾರ್ಡ್ ಎಂಬ ವಿಪಿಎನ್ (ಗೂಢಲಿಪಿಯ ಸುರಂಗ) ತಂತ್ರಾಂಶದಲ್ಲಿಯೂ ಕೀಲಿಯೇ ಗುರುತು, ಆದರೆ ಯಾವ ಕೀಲಿಗೆ ಯಾವ ವಿಳಾಸ ಎಂಬುದನ್ನು ನಾವೇ ಕೈಯಾರೆ ಬರೆದಿಡಬೇಕು.

ಈ ಮಾರ್ಗದರ್ಶಿಗೆ ನಾನು ಆರಿಸಿಕೊಂಡಿರುವುದು ಯಗ್‌ಡ್ರಾಸಿಲ್ ಎಂಬ ಮುಕ್ತ ತಂತ್ರಾಂಶವನ್ನು. ಇಲ್ಲಿ ಖಾತೆ ತೆರೆಯಬೇಕಾಗಿಲ್ಲ, ವಿಳಾಸ ಕೊಡುವ ಕೇಂದ್ರವಿಲ್ಲ, ಎರಡು ತುದಿಗಳ ನಡುವಿನ ಮಾತು ದಾರಿಯುದ್ದಕ್ಕೂ ಗೂಢಲಿಪಿಯಲ್ಲೇ ಸಾಗುತ್ತದೆ. ಭವಿಷ್ಯದ ಇಂಟರ್ನೆಟ್ ಹೇಗಿರಬಹುದು ಎಂಬುದನ್ನು ಇಂದೇ ಮನೆಯಲ್ಲಿ ಕಟ್ಟಿ ನೋಡಲು ಇದಕ್ಕಿಂತ ಸುಲಭವಾದ ಸಾಧನ ನನಗೆ ಕಂಡಿಲ್ಲ. ಮನೆಯಲ್ಲಿ ಸದಾ ಚಾಲೂ ಇರುವ ಒಂದು ಲಿನಕ್ಸ್ ಕಂಪ್ಯೂಟರ್, ಊರೂರು ತಿರುಗುವ ಒಂದು ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನ್, ಇವು ಮೂರನ್ನೂ ಎಲ್ಲಿದ್ದರೂ ಬದಲಾಗದ ವಿಳಾಸಗಳಲ್ಲಿ ಜೋಡಿಸುವುದು ನಮ್ಮ ಗುರಿ. ಸಾರ್ವಜನಿಕ ವಿಳಾಸವಿರುವ ಬಾಡಿಗೆ ಸರ್ವರ್ ಇದ್ದರೆ ಅನುಕೂಲ ಹೆಚ್ಚು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಕೀಲಿಯಿಂದ ವಿಳಾಸ ಹುಟ್ಟುವ ಬಗೆ

ಆಜ್ಞೆಗಳನ್ನು ಟೈಪ್ ಮಾಡುವ ಮೊದಲು ಇದೊಂದನ್ನು ಅರ್ಥ ಮಾಡಿಕೊಳ್ಳುವುದು ಅಗತ್ಯ. ಮುಂದಿನ ಎಲ್ಲ ಹಂತಗಳ ತರ್ಕವೂ ಇದರಿಂದಲೇ ಬರುತ್ತದೆ.

ಯಗ್‌ಡ್ರಾಸಿಲ್ ಬಳಸುವುದು ಇಡಿ25519 ಎಂಬ ಕೀಲಿ ಪದ್ಧತಿಯನ್ನು. ಇದರ ಸಾರ್ವಜನಿಕ ಕೀಲಿಯ ಉದ್ದ 32 ಬೈಟ್, ಅಂದರೆ 256 ಬಿಟ್. ನಿಮ್ಮ ಕೀಲಿಯ ಮೊದಲ ಬೈಟ್ 00000101 ಎಂದು ಇಟ್ಟುಕೊಳ್ಳೋಣ. ತಂತ್ರಾಂಶವು ಮೊದಲು ಕೀಲಿಯ ಎಲ್ಲ ಬಿಟ್‌ಗಳನ್ನೂ ತಿರುವುಮುರುವು ಮಾಡುತ್ತದೆ (0 ಇದ್ದಲ್ಲಿ 1, 1 ಇದ್ದಲ್ಲಿ 0), ಆಗ ಆ ಬೈಟ್ 11111010 ಆಗುತ್ತದೆ. ಆರಂಭದಲ್ಲಿ ಸತತವಾಗಿ ಎಷ್ಟು 1ಗಳಿವೆ ಎಂದು ಎಣಿಸಿದರೆ ಐದು. ವಿಳಾಸದ ಮೊದಲ ಬೈಟ್ ಎಲ್ಲರಿಗೂ 02, ಎರಡನೇ ಬೈಟ್ ಈ ಎಣಿಕೆ, ಅಂದರೆ 05. ಆದ್ದರಿಂದ, ಮೊದಲ ಸೊನ್ನೆಯನ್ನು ಬಿಟ್ಟು ಬರೆಯುವ ರೂಢಿಯಂತೆ, ನಿಮ್ಮ ವಿಳಾಸ 205: ಎಂದು ಶುರುವಾಗುತ್ತದೆ. ಆ ಐದು 1ಗಳನ್ನೂ ಅವುಗಳ ನಂತರದ ಒಂದು 0ಯನ್ನೂ ಕೈಬಿಟ್ಟು, ಉಳಿದ ಬಿಟ್‌ಗಳಲ್ಲಿ ಮೊದಲ 112ನ್ನು ಮುಂದಿನ 14 ಬೈಟ್‌ಗಳಲ್ಲಿ ತುಂಬಿದರೆ 128 ಬಿಟ್‌ಗಳ ಪೂರ್ಣ ಐಪಿವಿ6 (ಐಪಿವಿ4ರ ನಂತರದ, ಹೆಚ್ಚು ಉದ್ದನೆಯ ಬಗೆಯ) ವಿಳಾಸ ಸಿದ್ಧವಾಗುತ್ತದೆ. ಎಣಿಕೆಯ ರೂಪದಲ್ಲಿ ಐದು, ಕೈಬಿಟ್ಟ ಒಂದು, ನೇರವಾಗಿ ಕಾಣುವ 112, ಒಟ್ಟಿನಲ್ಲಿ ಕೀಲಿಯ 118 ಬಿಟ್‌ಗಳು ಈ ವಿಳಾಸಕ್ಕೆ ಬಿಗಿದಿರುತ್ತವೆ. ಇಷ್ಟು ಬಿಟ್‌ಗಳು ಹೊಂದುವ ಬೇರೊಂದು ಕೀಲಿಯನ್ನು ಹುಡುಕಿ ತೆಗೆಯುವುದು ಇಂದಿನ ಯಾವ ಕಂಪ್ಯೂಟರ್ ಸಮೂಹಕ್ಕೂ ಸಾಧ್ಯವಿಲ್ಲ.

ಇದರಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದಾಗಿ, ಜಾಲಕ್ಕೆ ಸೇರುವ ಮೊದಲೇ, ಇಂಟರ್ನೆಟ್ ಸಂಪರ್ಕವೇ ಇಲ್ಲದ ಕೋಣೆಯಲ್ಲಿ ಕುಳಿತೂ ನಿಮ್ಮ ವಿಳಾಸ ನಿಮಗೆ ಗೊತ್ತಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಸಾಮಾನ್ಯ ಇಂಟರ್ನೆಟ್‌ನಲ್ಲಿ ದತ್ತಾಂಶದ ತುಣುಕಾದ ಪ್ಯಾಕೆಟ್‌ನ ಮೇಲೆ ಕಳುಹಿಸಿದವರ ವಿಳಾಸವನ್ನು ಸುಳ್ಳಾಗಿ ಬರೆಯಬಹುದು. ಇಲ್ಲಿ ಆ ವಿಳಾಸಕ್ಕೆ ಹೊಂದುವ ಖಾಸಗಿ ಕೀಲಿ ಕೈಯಲ್ಲಿಲ್ಲದವರ ಪ್ಯಾಕೆಟ್ಟನ್ನು ನಿಮ್ಮ ಯಂತ್ರದಲ್ಲಿರುವ ಯಗ್‌ಡ್ರಾಸಿಲ್ ಒಳಗೇ ಬಿಡುವುದಿಲ್ಲ. ಹೀಗಾಗಿ ಬಂದ ಪ್ಯಾಕೆಟ್‌ನ ಮೂಲ ವಿಳಾಸವನ್ನು ನೋಡಿದರೆ ಸಾಕು, ಯಾರಿಂದ ಬಂತು ಎಂಬುದು ಖಚಿತ. ಆದರೆ ಬಂದವರು ಯಾರು ಎಂಬುದು ಖಚಿತವಾಯಿತೆಂದ ಮಾತ್ರಕ್ಕೆ ಅವರಿಗೆ ಬಾಗಿಲು ತೆರೆಯಬೇಕು ಎಂದಾಗುವುದಿಲ್ಲ. ಆ ತೀರ್ಮಾನವನ್ನು ಜಾಲ ನಿಮ್ಮ ಪರವಾಗಿ ಮಾಡುವುದಿಲ್ಲ, ನೀವೇ ಮಾಡಬೇಕು. ಬಹುಪಾಲು ಮಾರ್ಗದರ್ಶಿಗಳು ಕೊನೆಗೆ ತಳ್ಳುವ ಫೈರ್‌ವಾಲ್ (ಒಳಬರುವುದನ್ನು ಸೋಸುವ ಕಾವಲು) ಹಂತವನ್ನು ನಾನು ಜಾಲಕ್ಕೆ ಸೇರುವ ಹಂತಕ್ಕಿಂತ ಮೊದಲೇ ಇಟ್ಟಿರುವುದು ಇದೇ ಕಾರಣಕ್ಕೆ.

ಈ ವಿಳಾಸಗಳು 200::/7 ವ್ಯಾಪ್ತಿಯಲ್ಲಿ ಬರುತ್ತವೆ. ಹಿಂದೆ ಬೇರೆ ಉದ್ದೇಶಕ್ಕೆಂದು ಮೀಸಲಿಟ್ಟು 2004ರ ಡಿಸೆಂಬರ್‌ನಲ್ಲಿ ಕೈಬಿಟ್ಟ ವ್ಯಾಪ್ತಿ ಇದು. ಹಾಗಾಗಿ ಸಾರ್ವಜನಿಕ ಇಂಟರ್ನೆಟ್‌ನ ವಿಳಾಸಗಳೊಂದಿಗೆ ಇಂದು ಘರ್ಷಣೆಯಾಗುವುದಿಲ್ಲ.

ಹಂತ 1: ನಿಮ್ಮ ಸಂಪರ್ಕ ಯಾವ ಬಗೆಯದು ಎಂದು ತಿಳಿಯಿರಿ

ಮನೆಯ ರೂಟರ್‌ನ ಆಡಳಿತ ಪುಟವನ್ನು ತೆರೆದು, ವ್ಯಾನ್ ಎಂದು ಗುರುತಿಸಿರುವ ಹೊರಬದಿಯ ವಿಳಾಸವನ್ನು ನೋಡಿ. ಅದು 100.64ರಿಂದ 100.127ರವರೆಗಿನ ಯಾವುದಾದರೂ ಸಂಖ್ಯೆಯಿಂದ ಆರಂಭವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ, ಏಕೆಂದರೆ ಈ ವ್ಯಾಪ್ತಿಯನ್ನು 2012ರಲ್ಲಿ ಅದಕ್ಕಾಗಿಯೇ ಕಾಯ್ದಿರಿಸಲಾಗಿದೆ. ಮೊದಲ ಸಂಖ್ಯೆ 10 ಆಗಿರುವ ವಿಳಾಸ ಕಂಡರೂ ಅರ್ಥ ಬಹುತೇಕ ಅದೇ. ಇದರೊಡನೆ ರೂಟರ್‌ಗೆ ಐಪಿವಿ6 ವಿಳಾಸ ಸಿಕ್ಕಿದೆಯೇ ಎಂದೂ ನೋಡಿಕೊಳ್ಳಿ.

ಇದನ್ನು ಮೊದಲೇ ತಿಳಿದಿರಬೇಕಾದದ್ದು ಏಕೆಂದರೆ, ಯಗ್‌ಡ್ರಾಸಿಲ್ ಎರಡು ನ್ಯಾಟ್‌ಗಳ (ಹಲವು ಯಂತ್ರಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುವ ವ್ಯವಸ್ಥೆಗಳ) ನಡುವೆ ನೇರ ದಾರಿ ಕೊರೆಯುವ ಪ್ರಯತ್ನವನ್ನು ಮಾಡುವುದಿಲ್ಲ. ಸಿಜಿನ್ಯಾಟ್ ಹಿಂದಿನ ಎರಡು ಯಂತ್ರಗಳು ಮಾತಾಡಬೇಕಾದರೆ, ಇಬ್ಬರೂ ಹೊರಗೆ ಕರೆ ಮಾಡಿ ತಲುಪಬಲ್ಲ ಮೂರನೇ ಯಂತ್ರವೊಂದು ಮಧ್ಯೆ ಇರಲೇಬೇಕು. ಮನೆಯ ಯಂತ್ರಕ್ಕೆ ನಿಜವಾದ ಐಪಿವಿ6 ವಿಳಾಸವಿದ್ದು, ರೂಟರ್ ಅದರ ಮೇಲೆ ಒಂದು ಪೋರ್ಟ್ ತೆರೆಯಲು ಬಿಡುವುದಾದರೆ, ಲ್ಯಾಪ್‌ಟಾಪ್ ಇರುವ ಕಡೆಯೂ ಐಪಿವಿ6 ಇದ್ದಾಗ ಆ ಮೂರನೇ ಯಂತ್ರದ ಅಗತ್ಯವೂ ಇರುವುದಿಲ್ಲ.

ಹಂತ 2: ತಂತ್ರಾಂಶವನ್ನು ಅಳವಡಿಸಿ

ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಯೋಜನೆಯ ಅಧಿಕೃತ ಪ್ಯಾಕೇಜುಗಳಿವೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿರುವ ರೂಟರ್‌ಗಳಿಗೂ ಸಿಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಆವೃತ್ತಿ ಸಂಖ್ಯೆಯನ್ನು. 2023ರಲ್ಲಿ ಬಂದ 0.5 ಆವೃತ್ತಿಯಲ್ಲಿ ದಾರಿ ಹುಡುಕುವ ವಿಧಾನವೇ ಬದಲಾಗಿದ್ದರಿಂದ, 0.4 ಮತ್ತು 0.5 ಆವೃತ್ತಿಗಳ ಯಂತ್ರಗಳು ಪರಸ್ಪರ ಜೋಡಿಕೊಳ್ಳಲಾರವು. ಲಿನಕ್ಸ್ ವಿತರಣೆಯ ಸ್ವಂತ ಭಂಡಾರದಲ್ಲಿ ಹಳೆಯ ಆವೃತ್ತಿ ಉಳಿದಿರಬಹುದು, ಆದ್ದರಿಂದ ಅಳವಡಿಸಿದ ಮೇಲೆ ಆವೃತ್ತಿಯನ್ನು ಪರೀಕ್ಷಿಸಿ, ಎಲ್ಲ ಯಂತ್ರಗಳಲ್ಲೂ 0.5ರ ಸರಣಿಯೇ ಇರುವಂತೆ ನೋಡಿಕೊಳ್ಳಿ.

ಅಳವಡಿಸಿದ ಕೂಡಲೇ ಸೇವೆ ತಾನಾಗಿ ಶುರುವಾಗಿದ್ದರೆ ಅದನ್ನು ಸದ್ಯಕ್ಕೆ ನಿಲ್ಲಿಸಿ. ಕೆಳಗಿನ ಇಂಟರ್ನೆಟ್ ಸಂಪರ್ಕ ಬರೀ ಐಪಿವಿ4 ಆಗಿದ್ದರೂ ಅಡ್ಡಿಯಿಲ್ಲ, ಆದರೆ ಓವರ್‌ಲೇ ಪದರದಲ್ಲಿ ಓಡುವುದೆಲ್ಲ ಐಪಿವಿ6 ಆದ್ದರಿಂದ ಆಪರೇಟಿಂಗ್ ಸಿಸ್ಟಂನಲ್ಲಿ ಐಪಿವಿ6 ಅನ್ನು ಯಾರೋ ಎಂದೋ ನಿಷ್ಕ್ರಿಯಗೊಳಿಸಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಹಂತ 3: ಕೀಲಿಯನ್ನು ರಚಿಸಿ ಜೋಪಾನ ಮಾಡಿ

ಯಗ್‌ಡ್ರಾಸಿಲ್ ಆಜ್ಞೆಗೆ ಜೆನ್‌ಕಾನ್ಫ್ ಎಂಬ ಆಯ್ಕೆಯನ್ನು ಕೊಟ್ಟರೆ, ಹೊಸ ಕೀಲಿಯೊಂದಿಗೆ ಪೂರ್ಣ ಕಾನ್ಫಿಗರೇಷನ್ ಕಡತವನ್ನು ಅದು ಪರದೆಯ ಮೇಲೆ ಮುದ್ರಿಸುತ್ತದೆ. ಅದನ್ನು ಕಡತವಾಗಿ ಉಳಿಸಿ. ಪ್ಯಾಕೇಜ್ ಮೂಲಕ ಅಳವಡಿಸಿದ್ದರೆ ಸಾಮಾನ್ಯವಾಗಿ ಇಂಥ ಕಡತವೊಂದು ಆಗಲೇ ಸಿದ್ಧವಾಗಿರುತ್ತದೆ.

ಕಡತದಲ್ಲಿ ಪ್ರೈವೇಟ್‌ಕೀ ಎಂಬ ಸಾಲು ಇದೆ. ಅದರ ಮುಂದಿರುವುದು 128 ಅಕ್ಷರಗಳ ಒಂದು ಉದ್ದನೆಯ ಸರಪಳಿ. ಅದರ ಮೊದಲ 64 ಅಕ್ಷರಗಳು ಗುಟ್ಟಿನ ಬೀಜ, ಕೊನೆಯ 64 ಅಕ್ಷರಗಳು ನಿಮ್ಮ ಸಾರ್ವಜನಿಕ ಕೀಲಿ. ಎರಡೂ ಒಂದೇ ಸಾಲಿನಲ್ಲಿ ಅಂಟಿಕೊಂಡಿರುವುದರಿಂದ, ಗೆಳೆಯರಿಗೆ ಸಾರ್ವಜನಿಕ ಕೀಲಿ ಕಳುಹಿಸಲು ಹೋಗಿ ಇಡೀ ಸಾಲನ್ನೇ ನಕಲು ಮಾಡುವ ಅಪಾಯವಿದೆ. ಆ ಸಾಲನ್ನು ಮುಟ್ಟದೆ, ಯಗ್‌ಡ್ರಾಸಿಲ್ ಆಜ್ಞೆಗೆ ಕಡತದ ದಾರಿಯನ್ನು ತೋರಿಸಿ ಪಬ್ಲಿಕ್‌ಕೀ ಎಂಬ ಆಯ್ಕೆ ಕೊಟ್ಟು ಸಾರ್ವಜನಿಕ ಕೀಲಿಯನ್ನೂ, ಅಡ್ರೆಸ್ ಎಂಬ ಆಯ್ಕೆ ಕೊಟ್ಟು ವಿಳಾಸವನ್ನೂ ಪಡೆಯುವ ಅಭ್ಯಾಸವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ.

ಕಡತವನ್ನು ಓದುವ ಅನುಮತಿ ಆಡಳಿತಗಾರ ಖಾತೆಗೂ, ಯಗ್‌ಡ್ರಾಸಿಲ್ ಸೇವೆಗೂ ಮಾತ್ರ ಇರಲಿ. ಅದರ ಒಂದು ಪ್ರತಿಯನ್ನು ಪಾಸ್‌ವರ್ಡ್‌ನಿಂದ ಭದ್ರಪಡಿಸಿ ಬೇರೆ ಪೆನ್‌ಡ್ರೈವ್‌ನಲ್ಲಿಡಿ. ಕಂಪ್ಯೂಟರ್ ಕೆಟ್ಟು ಹೊಸದು ಬಂದಾಗ ಈ ಕಡತವನ್ನು ಅಲ್ಲಿಗೆ ಹಾಕಿದರೆ ಅದೇ ವಿಳಾಸ ಮರಳಿ ಸಿಗುತ್ತದೆ. ಕಡತ ಕಳೆದರೆ ವಿಳಾಸವೂ ಶಾಶ್ವತವಾಗಿ ಕಳೆದಂತೆ, ಅರ್ಜಿ ಕೊಟ್ಟು ಮರಳಿ ಪಡೆಯಲು ಇಲ್ಲಿ ಕಚೇರಿಯಿಲ್ಲ. ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸುವವರು ಒಂದು ಮೆಮೊರಿ ಕಾರ್ಡನ್ನು ಸಜ್ಜುಗೊಳಿಸಿ ಅದರ ತದ್ರೂಪು ಪ್ರತಿಗಳನ್ನು ಬೇರೆ ಬೋರ್ಡ್‌ಗಳಿಗೆ ಹಾಕುವುದುಂಟು. ಹಾಗೆ ಮಾಡಿದರೆ ಎರಡು ಯಂತ್ರಗಳಿಗೆ ಒಂದೇ ಗುರುತು ಬಂದು, ಪ್ಯಾಕೆಟ್‌ಗಳು ಒಮ್ಮೆ ಇಲ್ಲಿಗೆ ಒಮ್ಮೆ ಅಲ್ಲಿಗೆ ಹೋಗತೊಡಗುತ್ತವೆ. ಪ್ರತಿ ಪ್ರತಿಯಲ್ಲೂ ಹೊಸ ಕೀಲಿಯನ್ನೇ ರಚಿಸಬೇಕು.

ಮೂರೂ ಯಂತ್ರಗಳಲ್ಲಿ ಈ ಹಂತ ಮುಗಿದ ಮೇಲೆ (ಫೋನಿನ ಕೀಲಿ ಏಳನೇ ಹಂತದಲ್ಲಿ ಹೇಳುವ ಆಪ್‌ನಲ್ಲೇ ಇರುತ್ತದೆ) ಮೂರು ವಿಳಾಸಗಳನ್ನೂ ಮೂರು ಸಾರ್ವಜನಿಕ ಕೀಲಿಗಳನ್ನೂ ಒಂದೆಡೆ ಬರೆದಿಟ್ಟುಕೊಳ್ಳಿ. ಇವು ಗುಟ್ಟಲ್ಲ. ಆದರೆ ಇನ್ನೊಬ್ಬರ ವಿಳಾಸವನ್ನು ಪಡೆಯುವಾಗ ನಂಬಿಕಸ್ಥ ದಾರಿಯಲ್ಲೇ ಪಡೆಯಬೇಕು. ಎದುರುಬದುರು ಕುಳಿತು ನಕಲು ಮಾಡಿಕೊಳ್ಳುವುದು ಉತ್ತಮ, ಆಗದಿದ್ದರೆ ಸಂದೇಶದಲ್ಲಿ ತರಿಸಿಕೊಂಡು ಫೋನಿನಲ್ಲಿ ಓದಿಸಿ ತಾಳೆ ನೋಡಿ. ಗೂಢಲಿಪಿ ಎಷ್ಟೇ ಗಟ್ಟಿಯಿದ್ದರೂ, ಮೊದಲ ಬಾರಿಗೆ ವಿಳಾಸ ಕೈ ಬದಲಾಗುವಾಗ ಅದನ್ನು ಯಾರಾದರೂ ತಿದ್ದಿದರೆ ನೀವು ಖಚಿತವಾಗಿ, ಭದ್ರವಾಗಿ ತಪ್ಪು ವ್ಯಕ್ತಿಯೊಡನೆ ಮಾತಾಡುತ್ತೀರಿ.

ಹಂತ 4: ಜಾಲಕ್ಕೆ ಸೇರುವ ಮೊದಲು ಫೈರ್‌ವಾಲ್

ಸಿಜಿನ್ಯಾಟ್ ನಮಗೆ ತೊಂದರೆ ಕೊಡುತ್ತಲೇ ಒಂದು ರೀತಿಯ ಮರೆಯನ್ನೂ ಕೊಟ್ಟಿತ್ತು. ಹೊರಗಿನವರು ಒಳಬರಲಾಗದ ಕಾರಣ, ಮನೆಯ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿರುವ ಹಂಚಿಕೆಯ ಫೋಲ್ಡರ್, ಪರೀಕ್ಷೆಗೆಂದು ಓಡಿಸಿ ಮರೆತ ವೆಬ್ ಸರ್ವರ್, ಸುಲಭ ಪಾಸ್‌ವರ್ಡ್‌ನ ಎಸ್‌ಎಸ್‌ಎಚ್ (ಯಂತ್ರವನ್ನು ದೂರದಿಂದ ಆಜ್ಞೆಗಳ ಮೂಲಕ ನಡೆಸುವ ವಿಧಾನ) ಖಾತೆ, ಇವೆಲ್ಲ ಯಾರ ಕಣ್ಣಿಗೂ ಬೀಳದೆ ಉಳಿದಿದ್ದವು. ಯಗ್‌ಡ್ರಾಸಿಲ್ ಚಾಲೂ ಆಗಿ ಸಾರ್ವಜನಿಕ ಪೀರ್‌ಗೆ (ಜಾಲದಲ್ಲಿ ಆಗಲೇ ಇದ್ದು, ಯಾರು ಬೇಕಾದರೂ ಕೊಂಡಿ ಹಾಕಬಹುದಾದ ಯಂತ್ರಕ್ಕೆ) ಜೋಡಿಕೊಂಡ ಕ್ಷಣದಲ್ಲಿ ಆ ಮರೆ ಸರಿದುಹೋಗುತ್ತದೆ. ಎಲ್ಲ ಇಂಟರ್‌ಫೇಸ್‌ಗಳಲ್ಲೂ (ಯಂತ್ರ ಜಾಲಕ್ಕೆ ತೆರೆದುಕೊಳ್ಳುವ ಬಾಗಿಲುಗಳಲ್ಲೂ) ಕಿವಿಗೊಟ್ಟಿರುವ ಪ್ರತಿ ಸೇವೆಯೂ ಆ ಜಾಲದಲ್ಲಿರುವ ಅಪರಿಚಿತ ಯಂತ್ರಗಳಿಗೆಲ್ಲ ಎಟಕುತ್ತದೆ.

ಇಲ್ಲಿ ಅನೇಕರು ತಪ್ಪು ತಿಳಿಯುವ ಒಂದು ಸಾಲು ಕಾನ್ಫಿಗರೇಷನ್ ಕಡತದಲ್ಲಿದೆ: ಅಲೌಡ್‌ಪಬ್ಲಿಕ್‌ಕೀಸ್. ಇದರಲ್ಲಿ ಗೆಳೆಯರ ಕೀಲಿಗಳನ್ನು ಬರೆದರೆ ಉಳಿದವರೆಲ್ಲ ಹೊರಗೆ ಎಂದು ಭಾವಿಸುವುದು ಸಹಜ, ಆದರೆ ಅದು ನಿಜವಲ್ಲ. ನಿಮ್ಮ ಯಂತ್ರಕ್ಕೆ ನೇರ ಕೊಂಡಿ ಹಾಕಲು ಯಾರಿಗೆ ಅವಕಾಶ ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ. ಬೇರೆ ಯಂತ್ರಗಳ ಮೂಲಕ ಹಾದು ಬರುವ ಪ್ಯಾಕೆಟ್‌ಗಳನ್ನು ಅದು ತಡೆಯುವುದಿಲ್ಲ. ಇದು ಫೈರ್‌ವಾಲ್ ಅಲ್ಲ ಎಂಬ ಎಚ್ಚರಿಕೆಯನ್ನು ತಂತ್ರಾಂಶದವರು ಆ ಸಾಲಿನ ಪಕ್ಕದಲ್ಲೇ ಬರೆದಿದ್ದಾರೆ.

ನಿಜವಾದ ಕಾವಲನ್ನು ಆಪರೇಟಿಂಗ್ ಸಿಸ್ಟಂನ ಫೈರ್‌ವಾಲ್‌ನಲ್ಲಿ ಹಾಕಬೇಕು. ಲಿನಕ್ಸ್‌ನಲ್ಲಿ ಮೊದಲು ಕಾನ್ಫಿಗರೇಷನ್ ಕಡತದ ಇಫ್‌ನೇಮ್ ಸಾಲಿನಲ್ಲಿ ಆಟೋ ಎಂದಿರುವುದನ್ನು ತೆಗೆದು ಒಂದು ನಿಶ್ಚಿತ ಹೆಸರನ್ನು, ಉದಾಹರಣೆಗೆ ವೈಜಿಜಿ0 ಎಂದು ಕೊಡಿ. ಇಂಟರ್‌ಫೇಸ್‌ನ ಹೆಸರು ಪ್ರತಿ ಬಾರಿ ಬದಲಾದರೆ ನಿಯಮಗಳು ಗುರಿ ತಪ್ಪುತ್ತವೆ. ಬಳಿಕ ಲಿನಕ್ಸ್‌ನ ಫೈರ್‌ವಾಲ್ ಸಾಧನವಾದ ಎನ್‌ಎಫ್‌ಟೇಬಲ್ಸ್‌ನಲ್ಲಿ ಈ ಇಂಟರ್‌ಫೇಸ್ ಮೂಲಕ ಒಳಬರುವ ಪ್ಯಾಕೆಟ್‌ಗಳಿಗೆ ಹೀಗೊಂದು ಕ್ರಮವನ್ನು ಬರೆಯಿರಿ. ನಾವೇ ಆರಂಭಿಸಿದ ಸಂಪರ್ಕಕ್ಕೆ ಬರುವ ಉತ್ತರಗಳಿಗೂ ಆಗಲೇ ನಡೆಯುತ್ತಿರುವ ಸಂಪರ್ಕಗಳಿಗೂ ಮೊದಲ ನಿಯಮದಲ್ಲಿ ಅನುಮತಿ ಇರಲಿ. ಜಾಲದ ಸ್ಥಿತಿ ತಿಳಿಸುವ ಐಸಿಎಂಪಿವಿ6 ಸಂದೇಶಗಳನ್ನು ಎರಡನೇ ನಿಯಮ ಬಿಡಲಿ, ಇಲ್ಲದಿದ್ದರೆ ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಕೆಲಸ ಮಾಡುವುದಿಲ್ಲ, ಪ್ಯಾಕೆಟ್ ಗಾತ್ರದ ಹೊಂದಾಣಿಕೆಯೂ ಕೆಡುತ್ತದೆ. ಮೂರನೇ ನಿಯಮ ಲ್ಯಾಪ್‌ಟಾಪ್‌ನ ವಿಳಾಸದಿಂದ ಟಿಸಿಪಿ ಪೋರ್ಟ್ 22ಕ್ಕೆ (ಎಸ್‌ಎಸ್‌ಎಚ್‌ನ ಪೋರ್ಟ್) ಬರುವುದನ್ನು ಬಿಡಲಿ. ಫೋನಿನಿಂದ ಫೋಟೋಗಳ ವೆಬ್ ಪುಟ ಬೇಕಿದ್ದರೆ, ಫೋನಿನ ವಿಳಾಸದಿಂದ ಆ ಪುಟದ ಪೋರ್ಟ್‌ಗೆ ಮಾತ್ರ ಇನ್ನೊಂದು ನಿಯಮ. ಕೊನೆಯಲ್ಲಿ, ಉಳಿದದ್ದೆಲ್ಲವನ್ನೂ ಬೀಳಿಸಬೇಕು. ಯುಎಫ್‌ಡಬ್ಲ್ಯೂ ಎಂಬ ಸರಳ ಫೈರ್‌ವಾಲ್ ಸಾಧನ ಬಳಸುವವರು ಒಳಬರುವುದನ್ನು ಪೂರ್ವನಿಯೋಜಿತವಾಗಿ ನಿರಾಕರಿಸಿ, ಇದೇ ಇಂಟರ್‌ಫೇಸ್ ಹಾಗೂ ಮೂಲ ವಿಳಾಸದ ಆಧಾರದಲ್ಲಿ ಬೇಕಾದಷ್ಟನ್ನೇ ತೆರೆಯಬಹುದು. ವಿಂಡೋಸ್‌ನಲ್ಲಿ ಯಗ್‌ಡ್ರಾಸಿಲ್ ಇಂಟರ್‌ಫೇಸ್ ಸಾರ್ವಜನಿಕ ಜಾಲವೆಂದೇ ವರ್ಗೀಕರಣವಾಗಿರುವುದನ್ನು ಖಚಿತಪಡಿಸಿಕೊಳ್ಳಿ.

ಇಲ್ಲಿ ಬರೆದ ವಿಳಾಸಗಳು ಸಾಮಾನ್ಯ ಫೈರ್‌ವಾಲ್ ನಿಯಮಗಳಲ್ಲಿನ ವಿಳಾಸಗಳಿಗಿಂತ ಬೇರೆ ತೂಕದವು ಎಂಬುದನ್ನು ಗಮನಿಸಿ. ಸಾಮಾನ್ಯ ನಿಯಮವು ಒಂದು ಸ್ಥಳದಿಂದ ಬಂದದ್ದನ್ನು ಬಿಡುತ್ತದೆ, ಆ ಸ್ಥಳ ನಾಳೆ ಇನ್ನೊಬ್ಬ ಗ್ರಾಹಕರ ಪಾಲಾಗಬಹುದು. ಈ ನಿಯಮವು ಒಂದು ಖಾಸಗಿ ಕೀಲಿಯನ್ನು ಹೊಂದಿರುವವರನ್ನು ಬಿಡುತ್ತದೆ, ಲ್ಯಾಪ್‌ಟಾಪ್ ಧಾರವಾಡದಲ್ಲಿದ್ದರೂ ದುಬೈನಲ್ಲಿದ್ದರೂ ನಿಯಮ ಬದಲಾಗಬೇಕಿಲ್ಲ. ಗುರುತು ಆಧಾರಿತ ಸಂಪರ್ಕದಿಂದ ದಿನನಿತ್ಯದ ಆಡಳಿತಕ್ಕೆ ದೊರೆಯುವ ಅತಿ ದೊಡ್ಡ ಲಾಭ ಇದೇ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಎಸ್‌ಎಸ್‌ಎಚ್‌ನ ಸ್ವಂತ ಕೀಲಿಯನ್ನೋ ವೆಬ್ ಪುಟದ ಪಾಸ್‌ವರ್ಡನ್ನೋ ತೆಗೆದುಹಾಕಬೇಡಿ. ಜಾಲ ಗುರುತಿಸುವುದು ಯಂತ್ರವನ್ನು, ಆ ಯಂತ್ರದ ಮುಂದೆ ಕುಳಿತವರನ್ನಲ್ಲ.

ಹಂತ 5: ಪೀರ್‌ಗಳನ್ನು ಆರಿಸಿ

ಜಾಲಕ್ಕೆ ಸೇರುವುದೆಂದರೆ ಈಗಾಗಲೇ ಅದರಲ್ಲಿರುವ ಒಂದೆರಡು ಯಂತ್ರಗಳಿಗೆ ಕೊಂಡಿ ಹಾಕುವುದು. ಸ್ವಯಂಸೇವಕರು ನಡೆಸುವ ಸಾರ್ವಜನಿಕ ಪೀರ್‌ಗಳ ಪಟ್ಟಿಯನ್ನು ಯೋಜನೆಯವರು ದೇಶವಾರು ಪ್ರಕಟಿಸುತ್ತಾರೆ. ಅದರಿಂದ ಎರಡು ಮೂರನ್ನು ಆರಿಸಿ, ಕಾನ್ಫಿಗರೇಷನ್‌ನ ಪೀರ್ಸ್ ಸಾಲಿನಲ್ಲಿ ಟಿಎಲ್‌ಎಸ್ ಅಥವಾ ಕ್ವಿಕ್ (ಎರಡೂ ಗೂಢಲಿಪಿಯ ಸಂಪರ್ಕ ವಿಧಾನಗಳು) ಮಾದರಿಯ ಅವುಗಳ ವಿಳಾಸಗಳನ್ನು ಸೇರಿಸಿ. ಹೆಚ್ಚು ಪೀರ್‌ಗಳಿದ್ದರೆ ವೇಗ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಇತರರ ಸಂಚಾರವೂ ನಿಮ್ಮ ಯಂತ್ರದ ಮೂಲಕ ಹಾಯುವ ಸಂಭವ ಮಾತ್ರ ಹೆಚ್ಚುತ್ತದೆ.

ಪೀರ್ ಎಲ್ಲಿದೆ ಎಂಬುದು ಮುಖ್ಯ. ಮನೆಯ ಕಂಪ್ಯೂಟರೂ ಲ್ಯಾಪ್‌ಟಾಪೂ ಎರಡೂ ಕರ್ನಾಟಕದಲ್ಲೇ ಇದ್ದು, ಎರಡೂ ಯುರೋಪಿನ ಒಂದೇ ಪೀರ್‌ಗೆ ಜೋಡಿಕೊಂಡಿವೆ ಎನ್ನಿ. ಇಲ್ಲಿಂದ ಅಲ್ಲಿಗೆ ಹೋಗಿಬರಲು 150 ಮಿಲಿಸೆಕೆಂಡ್ ಎಂದು ಹಿಡಿದರೂ, ಪಕ್ಕದ ಊರಿನ ಯಂತ್ರಕ್ಕೆ ಕಳುಹಿಸಿದ ಪಿಂಗ್ ಸಮುದ್ರ ದಾಟಿ ಮರಳಿ ಬರುವಷ್ಟರಲ್ಲಿ 300 ಮಿಲಿಸೆಕೆಂಡ್ ಆಗಿರುತ್ತದೆ. ಟೈಪ್ ಮಾಡಿದ ಪ್ರತಿ ಅಕ್ಷರವೂ ಎಸ್‌ಎಸ್‌ಎಚ್ ಪರದೆಯಲ್ಲಿ ತಡವಾಗಿ ಮೂಡುತ್ತದೆ. ಭಾರತದ ಡೇಟಾ ಕೇಂದ್ರವೊಂದರಲ್ಲಿ ಸಣ್ಣ ಬಾಡಿಗೆ ಸರ್ವರ್ ಇಟ್ಟುಕೊಂಡು ಅದನ್ನೇ ನಿಮ್ಮ ಯಂತ್ರಗಳೆಲ್ಲದರ ಪೀರ್ ಮಾಡಿಕೊಂಡರೆ ಈ ವಿಳಂಬ ಬಹುತೇಕ ಇಲ್ಲವಾಗುತ್ತದೆ. ಸರ್ವರ್‌ನ ಲಿಸನ್ ಸಾಲಿನಲ್ಲಿ ಟಿಎಲ್‌ಎಸ್ ಪೋರ್ಟ್ ಒಂದನ್ನು ತೆರೆದು, ಅಲೌಡ್‌ಪಬ್ಲಿಕ್‌ಕೀಸ್‌ನಲ್ಲಿ ನಿಮ್ಮ ಮೂರು ಕೀಲಿಗಳನ್ನು ಬರೆಯಿರಿ. ಆ ಸಾಲಿಗೆ ಇರುವ ನಿಜವಾದ ಬಳಕೆ ಇಂಥದ್ದೇ. ಉಳಿದ ಯಂತ್ರಗಳ ಪೀರ್ ವಿಳಾಸದ ತುದಿಯಲ್ಲಿ ಸರ್ವರ್‌ನ ಸಾರ್ವಜನಿಕ ಕೀಲಿಯನ್ನೂ ನಮೂದಿಸಿದರೆ, ಆ ಐಪಿ ವಿಳಾಸದಲ್ಲಿ ಬೇರೆ ಯಾರಾದರೂ ಉತ್ತರಿಸಿದರೂ ಕೊಂಡಿ ಕೂಡುವುದಿಲ್ಲ.

ಸಾರ್ವಜನಿಕ ಜಾಲವೇ ಬೇಡ ಎನ್ನುವವರು ಸಾರ್ವಜನಿಕ ಪೀರ್‌ಗಳನ್ನು ಸೇರಿಸದೆ, ಸ್ವಂತ ಸರ್ವರ್ ಸುತ್ತಲೇ ಪ್ರತ್ಯೇಕ ಜಾಲವನ್ನು ಕಟ್ಟಿಕೊಳ್ಳಬಹುದು. ಒಂದು ಎಚ್ಚರಿಕೆ ಇರಲಿ: ಆ ಗುಂಪಿನ ಯಾವುದೇ ಒಂದು ಯಂತ್ರ ಯಾವುದೇ ಸಾರ್ವಜನಿಕ ಪೀರ್‌ಗೆ ಕೊಂಡಿ ಹಾಕಿದರೂ ಇಡೀ ಗುಂಪು ದೊಡ್ಡ ಜಾಲದೊಂದಿಗೆ ಬೆಸೆದುಕೊಳ್ಳುತ್ತದೆ. ಆದ್ದರಿಂದ ಪ್ರತ್ಯೇಕ ಜಾಲದಲ್ಲೂ ನಾಲ್ಕನೇ ಹಂತವನ್ನು ಬಿಡುವಂತಿಲ್ಲ.

ಒಂದೇ ಮನೆಯೊಳಗಿನ ಯಂತ್ರಗಳು ಮಲ್ಟಿಕಾಸ್ಟ್ (ಒಳಜಾಲದ ಯಂತ್ರಗಳಿಗೆ ಒಮ್ಮೆಗೇ ಕೂಗಿ ಹೇಳುವ ವಿಧಾನ) ಮೂಲಕ ಪರಸ್ಪರರನ್ನು ತಾವಾಗಿಯೇ ಕಂಡುಕೊಳ್ಳುತ್ತವೆ. ಇದಕ್ಕೆ ಯುಡಿಪಿ (ಟಿಸಿಪಿಯಂತೆ ಇನ್ನೊಂದು ಸಾಗಣೆ ವಿಧಾನ) 9001 ಪೋರ್ಟ್ ತೆರೆದಿರಬೇಕು. ಮನೆಯಲ್ಲಿ ಇದು ಬಹಳ ಉಪಯುಕ್ತ, ಏಕೆಂದರೆ ಹೊರಗಿನ ಇಂಟರ್ನೆಟ್ ಕಡಿದುಹೋದರೂ ಒಳಗಿನ ಯಂತ್ರಗಳು ಅವೇ ವಿಳಾಸಗಳಲ್ಲಿ ಮಾತಾಡುತ್ತಲೇ ಇರುತ್ತವೆ. ಹಾಸ್ಟೆಲ್ ಅಥವಾ ಕಚೇರಿಯ ವೈಫೈಗೆ ಹೋಗುವ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಮಲ್ಟಿಕಾಸ್ಟ್‌ಇಂಟರ್‌ಫೇಸಸ್ ವಿಭಾಗದ ಬೀಕನ್ (ತನ್ನ ಇರವನ್ನು ಸಾರುವುದು) ಮತ್ತು ಲಿಸನ್ (ಇತರರ ಸಾರುವಿಕೆಗೆ ಕಿವಿಗೊಡುವುದು) ಎರಡನ್ನೂ ಆಫ್ ಮಾಡಿಡುವುದು ಒಳ್ಳೆಯದು. ಜೊತೆಗೆ ನೋಡ್‌ಇನ್ಫೋಪ್ರೈವೆಸಿ ಎಂಬುದನ್ನು ಟ್ರೂ ಮಾಡಿ, ಇಲ್ಲವಾದರೆ ನಿಮ್ಮ ಆಪರೇಟಿಂಗ್ ಸಿಸ್ಟಂ ಯಾವುದು, ಯಗ್‌ಡ್ರಾಸಿಲ್ ಆವೃತ್ತಿ ಯಾವುದು ಎಂಬ ವಿವರಗಳನ್ನು ಕೇಳಿದವರಿಗೆಲ್ಲ ತಂತ್ರಾಂಶ ಹೇಳುತ್ತದೆ.

ಹಂತ 6: ಚಾಲೂ ಮಾಡಿ, ಪರೀಕ್ಷಿಸಿ

ಈಗ ಸೇವೆಯನ್ನು ಆರಂಭಿಸಿ. ಯಗ್‌ಡ್ರಾಸಿಲ್‌ಸಿಟಿಎಲ್ ಎಂಬ ಸಹಾಯಕ ಆಜ್ಞೆಯನ್ನು ಆಡಳಿತಗಾರರಾಗಿ ಓಡಿಸಿ, ಗೆಟ್‌ಸೆಲ್ಫ್ ಎಂದು ಕೇಳಿದರೆ ನಿಮ್ಮ ವಿಳಾಸವೂ ಕೀಲಿಯೂ ಕಾಣುತ್ತವೆ. ಮೂರನೇ ಹಂತದಲ್ಲಿ ಬರೆದಿಟ್ಟದ್ದರೊಡನೆ ಇವು ಹೊಂದಬೇಕು. ಹೊಂದದಿದ್ದರೆ ಸೇವೆ ಬೇರಾವುದೋ ಕಡತವನ್ನು ಓದುತ್ತಿದೆ ಎಂದರ್ಥ. ಗೆಟ್‌ಪೀರ್ಸ್ ಎಂದು ಕೇಳಿದಾಗ ಪೀರ್‌ಗಳ ಸ್ಥಿತಿ ಅಪ್ ಎಂದಿರಬೇಕು. ಡೌನ್ ಎಂದಿದ್ದರೆ ಪಕ್ಕದಲ್ಲೇ ಕಾರಣವೂ ಕಾಣುತ್ತದೆ, ಪೀರ್ ಸ್ಥಗಿತವಾಗಿದ್ದರೆ ಇನ್ನೊಂದನ್ನು ಆರಿಸಿ.

ಬಳಿಕ ಲ್ಯಾಪ್‌ಟಾಪ್‌ನಿಂದ ಮನೆಯ ಯಂತ್ರಕ್ಕೆ ಪಿಂಗ್ ಮಾಡಿ. ಮೊದಲ ಒಂದೆರಡು ಪ್ಯಾಕೆಟ್‌ಗಳು ತಡವಾಗುವುದು ಸಹಜ. ವಿಳಾಸದಲ್ಲಿ ಕೀಲಿಯ ಒಂದು ಭಾಗ ಮಾತ್ರ ಇರುವುದರಿಂದ, ಅದಕ್ಕೆ ಹೊಂದುವ ಪೂರ್ಣ ಕೀಲಿ ಯಾರಲ್ಲಿದೆ ಎಂದು ಜಾಲದಲ್ಲಿ ವಿಚಾರಿಸಿ, ಉತ್ತರ ಬಂದ ಮೇಲೆ ಗೂಢಲಿಪಿಯ ಸಂಪರ್ಕವನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಿ. ಲ್ಯಾಪ್‌ಟಾಪ್‌ನಿಂದ ಮನೆಯ ಯಂತ್ರಕ್ಕೆ ಎಸ್‌ಎಸ್‌ಎಚ್ ಸಂಪರ್ಕ ತೆರೆದು, ಅದರಲ್ಲಿ ನಿರಂತರವಾಗಿ ಏನಾದರೂ ಮುದ್ರಿಸುವ ಆಜ್ಞೆಯನ್ನು ಓಡಿಸಿ, ಲ್ಯಾಪ್‌ಟಾಪನ್ನು ವೈಫೈನಿಂದ ಫೋನಿನ ಹಾಟ್‌ಸ್ಪಾಟ್‌ಗೆ ಬದಲಿಸಿ. ಪರದೆ ಕೆಲವು ಕ್ಷಣ ನಿಲ್ಲುತ್ತದೆ. ಪೀರ್ ಕೊಂಡಿ ಹೊಸ ದಾರಿಯಲ್ಲಿ ಮರಳಿ ಕೂಡಿದ ಮೇಲೆ, ಮತ್ತೆ ಲಾಗಿನ್ ಆಗದೆಯೇ, ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಟಿಸಿಪಿಯ ಕಣ್ಣಿಗೆ ಎರಡೂ ತುದಿಗಳ ವಿಳಾಸ ಬದಲಾಗಿಯೇ ಇಲ್ಲ. ಹೋಸ್ಟ್ ಐಡೆಂಟಿಟಿ ಪ್ರೋಟೊಕಾಲ್ ಕಲ್ಪಿಸಿದ್ದು ಇದನ್ನೇ.

ಮೂರನೇ ಪರೀಕ್ಷೆ ಫೈರ್‌ವಾಲ್‌ನದು. ಅನುಮತಿ ಕೊಡದ ಯಂತ್ರವೊಂದರಿಂದ, ಉದಾಹರಣೆಗೆ ಬಾಡಿಗೆ ಸರ್ವರ್‌ನಿಂದ, ಮನೆಯ ಯಂತ್ರದ 22ನೇ ಪೋರ್ಟ್ ತಟ್ಟಿ ನೋಡಿ. ಉತ್ತರ ಬಂದರೆ ಕೂಡಲೇ ಸೇವೆಯನ್ನು ನಿಲ್ಲಿಸಿ ನಾಲ್ಕನೇ ಹಂತಕ್ಕೆ ಮರಳಿ. ಯಂತ್ರವನ್ನು ಮರುಚಾಲನೆ ಮಾಡಿದ ಮೇಲೂ ಇದನ್ನೇ ಮತ್ತೊಮ್ಮೆ ಪರೀಕ್ಷಿಸಿ, ನಿಯಮಗಳು ಉಳಿದುಕೊಂಡಿವೆಯೇ ಎಂಬುದು ಆಗಲೇ ತಿಳಿಯುವುದು.

ಹಂತ 7: ಹೆಸರುಗಳು ಮತ್ತು ಫೋನ್

ಉದ್ದನೆಯ ವಿಳಾಸಗಳನ್ನು ನೆನಪಿಡುವ ಅಗತ್ಯವಿಲ್ಲ. ಮೂರು ನಾಲ್ಕು ಯಂತ್ರಗಳಿಗೆ, ಹೆಸರಿಗೆ ವಿಳಾಸ ಹೊಂದಿಸುವ ಹೋಸ್ಟ್ಸ್ ಕಡತದಲ್ಲಿ ಮನೆ, ಲ್ಯಾಪ್ ಎಂಬಂಥ ಚಿಕ್ಕ ಹೆಸರುಗಳನ್ನು ಬರೆದುಕೊಂಡರೆ ಸಾಕು. ಸ್ವಂತ ಡೊಮೇನ್ ಇರುವವರು ಸಾಮಾನ್ಯ ಡಿಎನ್‌ಎಸ್‌ನ (ಹೆಸರನ್ನು ವಿಳಾಸವಾಗಿಸುವ ಇಂಟರ್ನೆಟ್ ವ್ಯವಸ್ಥೆಯ) ಎಎಎಎ ಎಂಬ ಐಪಿವಿ6 ದಾಖಲೆಯಲ್ಲೂ ಈ ವಿಳಾಸವನ್ನು ಹಾಕಬಹುದು. ಆದರೆ ಆಗ ನಿಮ್ಮ ನಂಬಿಕೆ ಕೀಲಿಯಿಂದ ಡಿಎನ್‌ಎಸ್ ನಡೆಸುವವರ ಕೈಗೆ ಜಾರುತ್ತದೆ. ಸೂಕ್ಷ್ಮ ಕೆಲಸಗಳಿಗೆ ಹೋಸ್ಟ್ಸ್ ಕಡತವೇ ಲೇಸು. ಬ್ರೌಸರ್‌ನಲ್ಲಿ ವಿಳಾಸವನ್ನೇ ನೇರವಾಗಿ ಬರೆಯುವಾಗ ಅದನ್ನು ಚೌಕ ಆವರಣದೊಳಗೆ ಇಡಬೇಕು.

ಆಂಡ್ರಾಯ್ಡ್‌ಗೆ ಯಗ್‌ಡ್ರಾಸಿಲ್ ಆಪ್ ಇದೆ. ಕೀಲಿ, ಪೀರ್ ಎಲ್ಲವೂ ಅದರೊಳಗೇ. ಈ ಆಪ್ ಫೋನಿನಲ್ಲಿ ವಿಪಿಎನ್ ಆಗಿಯೇ ಓಡುತ್ತದೆ, ಆಂಡ್ರಾಯ್ಡ್ ಒಂದು ಹೊತ್ತಿಗೆ ಒಂದೇ ವಿಪಿಎನ್ ಓಡಲು ಬಿಡುವುದರಿಂದ, ಕಚೇರಿಯ ವಿಪಿಎನ್ ಬಳಸುವವರು ಎರಡರಲ್ಲೊಂದನ್ನು ಆರಿಸಬೇಕಾಗುತ್ತದೆ. ಆಪ್ ಹಿನ್ನೆಲೆಯಲ್ಲಿ ಸಾಯದಂತೆ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಅದನ್ನು ಹೊರಗಿಡಿ.

ಈ ಜಾಲ ಅನಾಮಧೇಯತೆಯನ್ನು ಕೊಡುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನೇರ ಪೀರ್‌ಗೆ ನಿಮ್ಮ ನಿಜವಾದ ಐಪಿ ವಿಳಾಸ ಗೊತ್ತಿರುತ್ತದೆ, ದಾರಿಯಲ್ಲಿರುವ ಯಂತ್ರಗಳಿಗೆ ಯಾವ ಕೀಲಿಯಿಂದ ಯಾವ ಕೀಲಿಗೆ ಪ್ಯಾಕೆಟ್ ಹೋಗುತ್ತಿದೆ ಎಂಬುದು ಕಾಣುತ್ತದೆ. ಒಳಗಿನ ವಿಷಯ ಮಾತ್ರ ಕಾಣುವುದಿಲ್ಲ. ಗುರುತನ್ನೇ ಮರೆಮಾಡಬೇಕಾದವರಿಗೆ ಟಾರ್ ಸರಿಯಾದ ಸಾಧನ.

ಹಂತ 8: ಕೀಲಿ ಕಳುವಾದಾಗ

ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆಯಿತು ಎನ್ನಿ. ಅದರ ಡಿಸ್ಕ್ ಗೂಢಲಿಪಿಯಲ್ಲಿ ಇರದಿದ್ದರೆ ಕೀಲಿ ಈಗ ಬೇರೆಯವರ ಕೈಯಲ್ಲಿದೆ ಎಂದೇ ತಿಳಿಯಬೇಕು. ಕೀಲಿಯನ್ನು ರದ್ದುಗೊಳಿಸುವ ಕೇಂದ್ರ ವ್ಯವಸ್ಥೆ ಇಲ್ಲಿ ಇಲ್ಲದ್ದರಿಂದ, ಆ ಗುರುತಿಗೆ ನೀವು ಕೊಟ್ಟಿದ್ದ ಅನುಮತಿಗಳನ್ನು ಒಂದೊಂದಾಗಿ ನೀವೇ ಹಿಂಪಡೆಯಬೇಕು. ಮೊದಲು ಮನೆಯ ಯಂತ್ರದ ಫೈರ್‌ವಾಲ್‌ನಿಂದ ಆ ವಿಳಾಸವನ್ನು ತೆಗೆದು, ಆ ವಿಳಾಸದಿಂದ ಈಗಾಗಲೇ ತೆರೆದಿರುವ ಸಂಪರ್ಕಗಳನ್ನೂ ಕಡಿಯಿರಿ, ಏಕೆಂದರೆ ನಡೆಯುತ್ತಿರುವ ಸಂಪರ್ಕಗಳನ್ನು ಮೊದಲ ನಿಯಮ ಬಿಡುತ್ತಲೇ ಇರುತ್ತದೆ. ಬಳಿಕ ಬಾಡಿಗೆ ಸರ್ವರ್‌ನ ಅಲೌಡ್‌ಪಬ್ಲಿಕ್‌ಕೀಸ್‌ನಿಂದ ಆ ಕೀಲಿಯನ್ನು ಅಳಿಸಿ ಸೇವೆಯನ್ನು ಮರುಚಾಲನೆ ಮಾಡಿ. ಆ ಲ್ಯಾಪ್‌ಟಾಪ್‌ನಲ್ಲಿದ್ದ ಎಸ್‌ಎಸ್‌ಎಚ್ ಕೀಲಿಯನ್ನೂ ಮನೆಯ ಯಂತ್ರದಿಂದ ತೆಗೆದುಹಾಕಿ, ಹೋಸ್ಟ್ಸ್ ಕಡತಗಳಲ್ಲಿನ ಹಳೆಯ ಸಾಲನ್ನು ಅಳಿಸಿ. ಹೊಸ ಲ್ಯಾಪ್‌ಟಾಪ್ ಬಂದಾಗ ಪೆನ್‌ಡ್ರೈವ್‌ನ ಹಳೆಯ ಕಡತವನ್ನು ಹಾಕದೆ ಹೊಸ ಕೀಲಿಯನ್ನೇ ರಚಿಸಿ, ಮೂರನೇ ಹಂತದಿಂದ ಮತ್ತೆ ಆರಂಭಿಸಿ, ಹೊಸ ವಿಳಾಸವನ್ನು ಮನೆಯವರಿಗೆ ಫೋನಿನಲ್ಲಿ ಓದಿ ಹೇಳಿ ತಾಳೆ ನೋಡಿಸಿ.